ಪಿನ್ನು ಎಳೆದು ನೋಡುವ ಹಮ್ಮಬ್ಬಾಕ

ಹಮ್ಮಬ್ಬಾಕ ಟ್ರೇಲರಿನ ಬ್ರೇಕು ಪರೀಕ್ಷೆ ಮಾಡುವ ಮೊದಲು ತಲೆಯ ಬಿಳಿ ಟೋಪಿ ತೆಗೆದು, ಮಡಚಿ, ಜೇಬಿಗೆ ಇಡುತ್ತಿದ್ದರು. ಆಮೇಲೆ ಎಣ್ಣೆ ಕುಡಿದು ಕಪ್ಪಾದ ಗ್ಯಾರೇಜಿನ ನೆಲದ ಮೇಲೆ ರಟ್ಟಿನ ತುಂಡು ಹಾಸಿ, ಮಂಡಿಯೂರಿ, ಎಡಗಿವಿಯನ್ನು ಚಕ್ರಕ್ಕೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಬಲಗಿವಿ ಹರೆಯದಲ್ಲಿ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿಯುವಾಗಲೇ ಹೋಗಿತ್ತು. ಉಳಿದ ಒಂದು ಕಿವಿಯನ್ನು ಅವರು ಎಲ್ಲರಿಗೂ ಕೊಡುತ್ತಿರಲಿಲ್ಲ. ಮ್ಯಾನೇಜರ್ ಕೂಗಿದರೆ ಬಲಗಿವಿ ತೋರಿಸುವರು. ಎಡಗಿವಿ ಚಕ್ರಗಳಿಗೆ, ಮತ್ತು ಅವರಿಗೆ ಇಷ್ಟವಾದ ಕೆಲವೇ ಮನುಷ್ಯರಿಗೆ.

ನಾನು ಧಾರವಾಡದವಳು. ಬಹ್ರೇನಿಗೆ ಬಂದು ಹದಿನಾಲ್ಕು ವರ್ಷವಾಯಿತು. ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಕಚೇರಿಯಲ್ಲಿ ಬೇರೆಯವರು ತುಂಬಿದ ಕಾಗದಗಳನ್ನು ಓದಿ, ‘ಪರಿಶೀಲಿಸಲಾಗಿದೆ’ ಎಂಬ ಚೌಕದಲ್ಲಿ ಗುರುತು ಹಾಕಿ ಸಹಿ ಮಾಡುವುದು ನನ್ನ ಕೆಲಸ. ಚಳಿಗಾಲ ಬಂತೆಂದರೆ ಇಲ್ಲಿಯ ಅರ್ಧ ಊರು ಸಖೀರಿನ ಮರಳುಗಾಡಿಗೆ ಗುಳೆ ಹೋಗುತ್ತದೆ. ಡೇರೆ ಹಾಕುವವರು ಡೇರೆ ಹಾಕುತ್ತಾರೆ, ಉಳಿದವರು ಚಕ್ರದ ಮೇಲಿನ ಪುಟ್ಟ ಮನೆಯನ್ನು ಕಾರಿನ ಹಿಂದೆ ಕಟ್ಟಿಕೊಂಡು ಹೊರಡುತ್ತಾರೆ. ಊರಿಗೆ ಮರಳುತ್ತಿದ್ದ ಒಂದು ಕುಟುಂಬದಿಂದ ನನ್ನ ಗಂಡ ಗಿರೀಶ ಅಂಥದೊಂದು ಹಳೆಯ ಟ್ರೇಲರನ್ನು ಕೊಂಡ. ಆಸೆ ಅವನದು, ಬೆನ್ನುನೋವೂ ಅವನದೇ. ಹಾಗಾಗಿ ಅದನ್ನು ಎಳೆಯುವ ಕೆಲಸ ನನ್ನ ಪಾಲಿಗೆ ಬಂತು.

ಹಿಂದಿನ ದೀಪ ಹತ್ತುತ್ತಿರಲಿಲ್ಲ. ಯಾರೋ ಟುಬ್ಲಿಯ ಆ ಗ್ಯಾರೇಜಿನ ಹೆಸರು ಹೇಳಿದರು. ಟ್ರೇಲರನ್ನು ಅಂಗಳದಲ್ಲಿ ನಿಲ್ಲಿಸಿ ಫೋನಿನಲ್ಲಿ ಗಿರೀಶನಿಗೆ ದಾರಿಯ ಕಷ್ಟವನ್ನೆಲ್ಲ ಒಪ್ಪಿಸುತ್ತಿದ್ದೆ. ನೀಲಿ ಮೇಲಂಗಿಯ, ಅರವತ್ತರ ಹತ್ತಿರದ, ತೆಳ್ಳಗಿನ ಮನುಷ್ಯರೊಬ್ಬರು ಎದುರು ಬಂದು ನಿಂತರು. ನಾನು ಫೋನು ಇಡುವವರೆಗೆ ಕಾದರು. ಅವರೇ ಹಮ್ಮಬ್ಬ, ಗ್ಯಾರೇಜಿನವರ ಬಾಯಲ್ಲಿ ಗೌರವದ ಹಮ್ಮಬ್ಬಾಕ.

“ಕನ್ನಡವಾ? ಹುಬ್ಬಳ್ಳಿ ಕಡೆಯಾ?”

“ಧಾರವಾಡ್ರೀ.”

“ಹಾಗೆ ಹೇಳಿ. ನಾನು ಫರಂಗಿಪೇಟೆ. ನಿಮ್ಮ ಕಡೆಯವರು ಪ್ರೀತಿಯಲ್ಲಿ ಮಾತಾಡಿದ್ರೂ ನಮಗೆ ಬೈದ ಹಾಗೆ ಕೇಳುದು. ನನಗೆ ಒಂದೇ ಕಿವಿ, ಹಾಗಾಗಿ ಅರ್ಧವೇ ಬೈದ ಹಾಗಾಯ್ತು. ಎಂತ ಆಗಿದೆ ಗಾಡಿಗೆ?”

“ಹಿಂದಿನ ಲೈಟ್ ಹತ್ತವಲ್ದು. ಅದಷ್ಟ ಮಾಡಿಕೊಡ್ರಿ, ಸಾಕು.”

ಅವರು ಹಿಂದಕ್ಕೆ ಹೋಗಲೇ ಇಲ್ಲ. ಟ್ರೇಲರಿನ ಮುಂಭಾಗದಲ್ಲಿ, ಕಾರಿಗೆ ಕೊಂಡಿ ಬೀಳುವಲ್ಲಿ, ಕಬ್ಬಿಣದ ತ್ರಿಕೋನವೊಂದು ಚಾಚಿಕೊಂಡಿರುತ್ತದೆ. ಅದರ ಮೇಲೆ ಸಾಬೂನಿನಷ್ಟು ದೊಡ್ಡ ಕಪ್ಪು ಡಬ್ಬಿ. ಅದರೊಳಗೆ ತೂರಿಸಿದ ಒಂದು ಪಿನ್ನು, ಪಿನ್ನಿಗೆ ತೆಳುವಾದ ಉಕ್ಕಿನ ಕೇಬಲ್ಲು. ಹಮ್ಮಬ್ಬಾಕ ಎರಡೇ ಬೆರಳಿನಲ್ಲಿ ಎಳೆದರು. ಬೆಣ್ಣೆಯಿಂದ ಕೂದಲು ಬಂದ ಹಾಗೆ ಪಿನ್ನು ಬಂತು. ಟೋಪಿ ತೆಗೆದು, ರಟ್ಟು ಹಾಸಿ, ಚಕ್ರಕ್ಕೆ ಕಿವಿ ಕೊಟ್ಟರು. ಜಾಕ್ ಹಾಕಿ ಚಕ್ರ ಎತ್ತಿ ಕೈಯಿಂದ ತಿರುಗಿಸಿದರು. ಅದು ಜಾತ್ರೆಯ ಗಿರಗಟ್ಟಲೆಯಂತೆ ತಿರುಗಿತು.

“ಇದು ಸ್ವಿಚ್ಚಲ್ಲ ಮೇಡಂ,” ಅಂದರು. “ತಾಯಿತ.”

ಬ್ರೇಕ್‌ಅವೇ ಸ್ವಿಚ್ ಎಂಬ ಹೆಸರು ನಾನು ಮೊದಲ ಬಾರಿಗೆ ಕೇಳಿದ್ದು ಅಲ್ಲಿಯೇ. ಅವರು ತಮ್ಮ ಎರಡು ಅಂಗೈಗಳನ್ನು ಒಂದರ ಹಿಂದೆ ಒಂದು ಹಿಡಿದು ವಿವರಿಸಿದರು. “ಇದು ನಿಮ್ಮ ಕಾರು, ಇದು ನಿಮ್ಮ ಮನೆ. ರಸ್ತೆಯಲ್ಲಿ ಕೊಂಡಿ ತಪ್ಪಿತು ಅಂತ ಇಟ್ಕೊಳ್ಳಿ. ಕಾರು ಮುಂದೆ ಹೋಯ್ತು. ಕೇಬಲ್ಲು ಕಾರಿಗೆ ಕಟ್ಟಿದ್ದಲ್ವಾ, ಅದು ಪಿನ್ನನ್ನು ಎಳೀತದೆ. ಪಿನ್ನು ಹೊರಗೆ ಬಂದದ್ದೇ ಟ್ರೇಲರಿನ ಸ್ವಂತ ಬ್ಯಾಟರಿಯಿಂದ ಕರೆಂಟು ಹೋಗಿ ಚಕ್ರಕ್ಕೆ ಬ್ರೇಕು ಹಿಡೀತದೆ. ಡ್ರೈವರಿಲ್ಲದ ಮನೆ ತಾನೇ ನಿಲ್ತದೆ. ನಿಲ್ಲಬೇಕು. ನಿಮ್ಮದು ನಿಲ್ಲುದಿಲ್ಲ.”

“ಇಷ್ಟ ದಿನಾ ಏನೂ ಆಗಿಲ್ಲಲ್ರೀ?”

“ಇಷ್ಟು ದಿನ ಕೊಂಡಿ ತಪ್ಪಲಿಲ್ಲ. ಅದಕ್ಕೆ.”

ಮುಂದಿನ ವಾರ ಮಾಡಿಸುತ್ತೇನೆ, ಈಗ ದೀಪ ಮಾತ್ರ ಸಾಕು ಎಂದೆ. ಅವರು ಬಲಗಿವಿ ತೋರಿಸಿದರು. ಅಂಗಡಿಯ ಒಳಗಿನಿಂದ ಹೊಸ ಡಬ್ಬಿಯೊಂದನ್ನು ತಂದು ನನ್ನ ಕೈಗೇ ಕೊಟ್ಟರು. ಮೊದಲು ಕಾರಿನಿಂದ ಟ್ರೇಲರಿಗೆ ಬರುವ ಪ್ಲಗ್ಗನ್ನು ಕೀಳಿಸಿದರು. ಆಮೇಲೆ ಟ್ರೇಲರಿನ ಬ್ಯಾಟರಿಯ ವೈರನ್ನು ನನ್ನಿಂದಲೇ ಬಿಚ್ಚಿಸಿದರು. ಹಳೆಯ ಡಬ್ಬಿ ಒಡೆದು ತೋರಿಸಿದಾಗ ಒಳಗೆ ಹಸಿರು ಕಿಲುಬು ಹೂವಿನಂತೆ ಅರಳಿತ್ತು. ಈ ದ್ವೀಪದ ಉಪ್ಪುಗಾಳಿಯೂ ಮರಳಿನ ಧೂಳೂ ಸೇರಿ ಅದನ್ನು ತಿಂದು ಹಾಕಿದ್ದವು. ಎರಡು ವೈರು ಕತ್ತರಿಸಿ, ಹೊಸ ಡಬ್ಬಿಯ ಎರಡು ವೈರಿಗೆ ತಾಮ್ರದ ಸಣ್ಣ ಕೊಳವೆಯಲ್ಲಿ ಕೂಡಿಸಿ, ಇಕ್ಕಳದಿಂದ ಒತ್ತಬೇಕು. ಇಕ್ಕಳವನ್ನೂ ನನಗೇ ಕೊಟ್ಟರು.

“ನನಗ ಬರೂದಿಲ್ರಿ.”

“ಯಾರ ಗಾಡಿ ಇದು? ನಾಳೆ ಮರುಭೂಮಿಯಲ್ಲಿ ವೈರು ಕಳಚಿದ್ರೆ ಹಮ್ಮಬ್ಬನನ್ನು ಎಲ್ಲಿ ಹುಡುಕ್ತೀರಿ? ಒತ್ತಿ.”

ನಾನು ಒತ್ತಿದೆ. ಅವರು ಎಳೆದರು, ಕಳಚಿ ಬಂತು. ಮತ್ತೆ ಒತ್ತಿದೆ. ಮತ್ತೆ ಬಂತು. ಮೂರನೆಯ ಸಲ ಅವರು ಎರಡು ಕೈಯಲ್ಲಿ ಎಳೆದರೂ ಬರಲಿಲ್ಲ. ಮುಂದಿನ ವೈರು ಕೊಟ್ಟರು. ಕೊನೆಗೆ ಕೇಬಲ್ಲನ್ನು ಕಾರಿಗೆ ಸಿಕ್ಕಿಸಿ ಎಂದಾಗ ನಾನು ಅದನ್ನು ಕೊಂಡಿ ಕೂರುವ ಉಕ್ಕಿನ ಚೆಂಡಿಗೇ ಸುತ್ತಿದೆ. “ಕೊಂಡಿಯೇ ಮುರಿದು ಬಿದ್ರೆ ಕೇಬಲ್ಲು ಯಾರನ್ನು ಎಳೀತದೆ?” ಎಂದು ಕೇಳಿದರು. ಉತ್ತರಕ್ಕಾಗಿ ನಿಜಕ್ಕೂ ಕಾದರು. ನಾನೇ ಬಿಚ್ಚಿ, ಕಾರಿನ ಚೌಕಟ್ಟಿನಲ್ಲಿ ಬೇರೆ ಜಾಗ ಹುಡುಕಿ ಸಿಕ್ಕಿಸಿದೆ.

ಆಮೇಲೆ ಪರೀಕ್ಷೆ. ಬ್ಯಾಟರಿ ಮತ್ತೆ ಜೋಡಿಸಿ, “ನೀವೇ ಎಳೀರಿ,” ಎಂದರು. ಪಿನ್ನು ಈಗ ಗಟ್ಟಿಯಾಗಿತ್ತು, ಎರಡು ಕೈ ಬೇಕಾಯಿತು. ಚಕ್ರದಲ್ಲಿ ‘ಟಕ್’ ಎಂದು ಸಣ್ಣ ಸದ್ದು. ಅವರು ನನ್ನ ಕಾರನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟರು. ಟ್ರೇಲರಿನ ಚಕ್ರಗಳು ತಿರುಗಲಿಲ್ಲ. ಹಠ ಹಿಡಿದ ಕತ್ತೆಯ ಕಾಲಿನಂತೆ ನೆಲವನ್ನು ಗೀರಿದವು. ಅಂಗಳದಲ್ಲಿ ಎರಡು ಕಪ್ಪು ಗೆರೆ ಮೂಡಿದವು. ನನಗೆ ಹೇಳಲಾಗದಷ್ಟು ಸಂತೋಷವಾಯಿತು. ಇಷ್ಟು ವರ್ಷ ನಾನು ಸಹಿ ಮಾಡಿದ ಒಂದು ಕಾಗದವೂ ಹೀಗೆ ನನ್ನ ಕಣ್ಣೆದುರು ನಿಂತು ತೋರಿಸಿರಲಿಲ್ಲ.

“ಸಾಕು ಸಾಕು, ಪಿನ್ನು ಒಳಗೆ ಹಾಕಿ. ಬ್ಯಾಟರಿ ತಿಂದು ಬಿಡ್ತದೆ,” ಎಂದರು ಹಮ್ಮಬ್ಬಾಕ. ಹಿಂದಿನ ದೀಪವನ್ನು ಮಾತ್ರ ಮರೆತೇ ಬಿಟ್ಟಿದ್ದರು. ಅದಕ್ಕೆ ನಾನು ಮರುದಿನ ಮತ್ತೆ ಹೋಗಬೇಕಾಯಿತು.

ಹಾಗೆ ಶುರುವಾದ ಒಡನಾಟ ಆರು ಚಳಿಗಾಲ ನಡೆಯಿತು. ಟ್ರೇಲರನ್ನು ಹಿಮ್ಮುಖವಾಗಿ ಓಡಿಸುವುದನ್ನು ಅವರೇ ಕಲಿಸಿದರು. ಖಾಲಿ ಜಾಗದಲ್ಲಿ ಎರಡು ಹಳೆಯ ಟೈರು ಇಟ್ಟು, ನಾನು ಒಂದನ್ನೂ ಮುಟ್ಟದೆ ನಡುವೆ ನಿಲ್ಲಿಸುವವರೆಗೆ ಬಿಸಿಲಲ್ಲಿ ನಿಂತಿರುತ್ತಿದ್ದರು. “ಅವಸರ ಮಾಡಿದ್ರೆ ಅದು ಮಡಚಿಕೊಳ್ತದೆ. ಮಡಚಿದ ಮೇಲೆ ನಿಮ್ಮ ಮಾತು ಕೇಳುದಿಲ್ಲ. ಮುಂದೆ ಹೋಗಿ, ನೆಟ್ಟಗೆ ಮಾಡಿ, ಮತ್ತೆ ಬನ್ನಿ. ನಾಚಿಕೆ ಎಂತದು?” ನನ್ನ ಮಗಳು ಅದಿತಿಗೆ ಆಗ ಹನ್ನೊಂದು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಹಮ್ಮಬ್ಬಾಕನ ಹತ್ತಿರ ಅದು ನಡೆಯಲಿಲ್ಲ. ಇಂಗ್ಲಿಷ್ ಬಂದರೆ ಅವರು ಬಲಗಿವಿ ತಿರುಗಿಸಿ ಸುಮ್ಮನೆ ನಟ್ಟು ಬಿಗಿಯುತ್ತಿದ್ದರು. ಅವಳಿಗೆ ಸ್ಪ್ಯಾನರಿನ ಅಂಕಿ ಹೇಳುವ ಆಸೆ. ಹಾಗಾಗಿ ಹನ್ನೆರಡು, ಹದಿನಾಲ್ಕು, ಹದಿನೇಳು ಎಂದು ಕನ್ನಡದಲ್ಲಿ ಕಲಿತಳು. ಈಗ ಅವಳ ಕನ್ನಡ ಅರ್ಧ ಧಾರವಾಡದ್ದು, ಅರ್ಧ ಫರಂಗಿಪೇಟೆಯದು. “ಅಮ್ಮ, ಊಟ ಉಂಟೇನ?” ಅನ್ನುತ್ತಾಳೆ.

ಅವರ ನಿಜವಾದ ಹಠ ನಾನು ಕಂಡದ್ದು ಮೂರನೆಯ ಚಳಿಗಾಲದಲ್ಲಿ. ಬೇರಿಂಗಿಗೆ ಗ್ರೀಸು ಹಾಕಿಸಲು ನಮ್ಮ ಟ್ರೇಲರು ಗ್ಯಾರೇಜಿನಲ್ಲಿತ್ತು. ಅದನ್ನು ಒಯ್ಯಲು ಹೋದಾಗ ಅಂಗಳದಲ್ಲಿ ಎಂಟು ಬೇರೆ ಟ್ರೇಲರುಗಳು ಸಾಲಾಗಿ ನಿಂತಿದ್ದವು. ಸಖೀರಿನಲ್ಲಿ ಕುಟುಂಬಗಳಿಗೆ ಬಾಡಿಗೆಗೆ ಕೊಡುವ ಅರಬರೊಬ್ಬರವು. ಎಲ್ಲರೂ ಅವರನ್ನು ಅಬು ಖಾಲಿದ್ ಎಂದು ಕರೆಯುತ್ತಿದ್ದರು. ಎತ್ತರದ, ನಗುಮುಖದ, ಸದಾ ಗಡಿಬಿಡಿಯ ಮನುಷ್ಯ. ಕ್ಯಾಂಪು ಶುರುವಾಗಲು ಎರಡೇ ದಿನ ಉಳಿದಿತ್ತು. ಬಾಡಿಗೆಗೆ ಬರುವವರಿಗೆ ತೋರಿಸಲು, ‘ಬ್ರೇಕು ಸ್ವಿಚ್ಚು ಎಲ್ಲ ಸರಿ ಇದೆ’ ಎಂಬ ಗ್ಯಾರೇಜಿನ ಸಹಿ ಅವರಿಗೆ ಬೇಕಿತ್ತು. ಮ್ಯಾನೇಜರ್ ಎಂಟು ಕಾಗದ ತುಂಬಿ ತಂದು ಹಮ್ಮಬ್ಬಾಕನ ಎದುರು ಹಿಡಿದಿದ್ದ.

“ನಾನು ನೋಡಿದ್ದು ಎರಡು. ಎರಡೂ ಹೋಗಿವೆ,” ಎಂದರು ಹಮ್ಮಬ್ಬಾಕ ಹಿಂದಿಯಲ್ಲಿ. “ಉಳಿದ ಆರು ನೋಡ್ಬೇಕು. ಹೋದದ್ದು ಬದಲಿಸ್ಬೇಕು. ಐದು ದಿನ.”

“ಮಾಫಿ ಮುಷ್ಕಿಲ್, ಹಜ್ಜೀ,” ಹಿರಿಯರನ್ನು ಕರೆಯುವ ಹಾಗೆ ಕರೆದು ಅಬು ಖಾಲಿದ್ ಹಮ್ಮಬ್ಬಾಕನ ಹೆಗಲು ತಟ್ಟಿದರು. ಏನೂ ತೊಂದರೆಯಿಲ್ಲ ಎಂಬ ಅರ್ಥದ ‘ಮಾಫಿ ಮುಷ್ಕಿಲ್’ ಇಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತದೆ. “ಕಳೆದ ವರ್ಷವೂ ಹೀಗೇ ಓಡಿಸಿದ್ದು. ಸಹಿ ಹಾಕು, ಸೀಸನ್ ಮುಗಿದ ಮೇಲೆ ಎಲ್ಲ ಬದಲಿಸು.”

“ಸಹಿ ಆಗುದಿಲ್ಲ.”

ಮ್ಯಾನೇಜರನ ಮುಖ ಕೆಂಪಾಯಿತು. ಗಿರಾಕಿಯ ಎದುರು, ನನ್ನ ಎದುರು, ಇಡೀ ಗ್ಯಾರೇಜಿನ ಎದುರು ಅವನು ಕೂಗಿದ. “ನಾಳೆಯಿಂದ ಬರಬೇಡ. ನಿನ್ನ ವೀಸಾ ಕ್ಯಾನ್ಸಲ್ ಮಾಡಿಸ್ತೇನೆ.”

ಗಲ್ಫಿನಲ್ಲಿ ದುಡಿಯುವವರಿಗೆ ಆ ಮಾತು ಎಲ್ಲಿ ತಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ವೆಲ್ಡಿಂಗ್ ಮಾಡುತ್ತಿದ್ದವರ ಕೈ ನಿಂತಿತು. ಹಮ್ಮಬ್ಬಾಕ ಮಾತ್ರ ಆ ಮಾತಿಗೆ ಎಡಗಿವಿಯನ್ನೇ ಕೊಟ್ಟು, ಪೂರ್ತಿ ಕೇಳಿಸಿಕೊಂಡರು. “ಕ್ಯಾನ್ಸಲ್ ಮಾಡಿ. ನಿಮ್ಮ ಕೈಯಲ್ಲಿ ಉಂಟು. ಸಹಿ ನನ್ನ ಕೈಯಲ್ಲಿ ಉಂಟು.” ಆಮೇಲೆ ಅಬು ಖಾಲಿದರ ಕಡೆ ತಿರುಗಿ, “ಒಂದು ಕೆಲಸ ಮಾಡುವಾ. ನೀವೇ ಎಳೀರಿ,” ಎಂದರು.

ಗ್ಯಾರೇಜಿನ ಪಿಕಪ್ಪಿಗೆ ಅವರ ಅತಿ ಹೊಸ ಟ್ರೇಲರನ್ನೇ ಕಟ್ಟಿದರು. ಅಬು ಖಾಲಿದ್ ನಗುತ್ತಲೇ ಪಿನ್ನು ಎಳೆದರು. ಪಿಕಪ್ಪು ಹೊರಟಿತು. ಟ್ರೇಲರು ತಾಯಿಯ ಹಿಂದೆ ಕರು ಬಂದ ಹಾಗೆ ಹಿಂದೆ ಹಿಂದೆಯೇ ಬಂತು. ಇಡೀ ಅಂಗಳ ಸುತ್ತಿತು. ಆಮೇಲೆ ಹಮ್ಮಬ್ಬಾಕ ನಮ್ಮ ಹಳೆಯ ಟ್ರೇಲರನ್ನು ಕಟ್ಟಿಸಿದರು. “ಇದರ ವೈರು ಒತ್ತಿದ್ದು ಈ ಮೇಡಂ,” ಎಂದು ನನ್ನನ್ನು ತೋರಿಸಿದರು. ಅಬು ಖಾಲಿದ್ ಪಿನ್ನು ಎಳೆದರು. ಪಿಕಪ್ಪು ಒದ್ದಾಡಿತು. ನಮ್ಮ ಟ್ರೇಲರು ಕೂತಲ್ಲೇ ಕೂತು ನೆಲ ಗೀರಿತು.

ಅಬು ಖಾಲಿದ್ ಸ್ವಲ್ಪ ಹೊತ್ತು ಆ ಕಪ್ಪು ಗೆರೆಗಳನ್ನು ನೋಡುತ್ತ ನಿಂತರು. ಈಗ ಅವರು ನಗುತ್ತಿರಲಿಲ್ಲ. ಮ್ಯಾನೇಜರನ ಕೈಯಿಂದ ಎಂಟೂ ಕಾಗದ ತೆಗೆದುಕೊಂಡು ಅಡ್ಡಡ್ಡ ಹರಿದರು. “ಐದು ದಿನ ಅಲ್ಲವಾ? ಐದು ದಿನ. ಈ ಮುದುಕನೇ ಮಾಡಬೇಕು. ಇವನಿಲ್ಲದಿದ್ದರೆ ನನ್ನ ಗಾಡಿಗಳೂ ಇಲ್ಲಿರುವುದಿಲ್ಲ.” ವೀಸಾ ಮಾತು ಅಲ್ಲಿಗೆ ನಿಂತಿತು. ಐದೂ ದಿನ ಅಬು ಖಾಲಿದ್ ಬೆಳಗ್ಗೆ ಬಂದು ತಡವಾಯಿತೆಂದು ಬೈಯುತ್ತಿದ್ದರಂತೆ. ಬೈದ ಮೇಲೆ ಖರ್ಜೂರದ ಡಬ್ಬಿ ಇಟ್ಟು ಹೋಗುತ್ತಿದ್ದರಂತೆ.

ಆ ದಿನದ ಪರಿಣಾಮ ನನ್ನ ಮೇಲೂ ಆಯಿತು. ಅದಾದ ತಿಂಗಳಿಗೆ ಕಚೇರಿಯಲ್ಲಿ ನನ್ನ ಮೇಲಧಿಕಾರಿ ಒಂದು ಕಡತವನ್ನು ಮೇಜಿನ ಮೇಲಿಟ್ಟು, ಎಲ್ಲ ಸರಿಯಿದೆ, ಸಹಿ ಹಾಕಿ ಎಂದರು. ಹಿಂದೆಯಾಗಿದ್ದರೆ ಹಾಕುತ್ತಿದ್ದೆ. ನಾನು ನೋಡದೇ ಇರುವುದಕ್ಕೆ ನೋಡಿದ್ದೇನೆ ಎಂದು ಬರೆಯುವುದಿಲ್ಲ ಎಂದೆ. ಮೂರು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಕಡತ ಓದಲು ಸಮಯ ಕೊಟ್ಟರು. ಅಂದಿನಿಂದ ನನ್ನ ಸಹಿಗಾಗಿ ಬರುವವರು ಕಡತವನ್ನು ಮೊದಲೇ ಒಮ್ಮೆ ಸರಿಯಾಗಿ ನೋಡಿಕೊಂಡು ಬರುತ್ತಾರೆ. ಇದನ್ನು ಹಮ್ಮಬ್ಬಾಕನಿಗೆ ಹೇಳಿದಾಗ, “ಭಾರಿ ಒಳ್ಳೆದಾಯ್ತು,” ಎಂದರು. ಆದರೆ ಅವರ ಮುಖದಲ್ಲಿ ಆ ಮಾತಿಗೆ ತಕ್ಕ ಸಂತೋಷ ಕಾಣಲಿಲ್ಲ. ಆಗ ನನಗೆ ಕಾರಣ ಗೊತ್ತಿರಲಿಲ್ಲ.

ಕಳೆದ ಫೆಬ್ರವರಿಯಲ್ಲಿ ಅವರು ಊರಿಗೆ ಮರಳುವುದೆಂದು ತೀರ್ಮಾನವಾಯಿತು. ಮೊಣಕಾಲು ಮಂಡಿಯೂರಲು ಒಪ್ಪುತ್ತಿರಲಿಲ್ಲ. ಫರಂಗಿಪೇಟೆಯಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇಟ್ಟು ಸ್ಟೂಲಿನ ಮೇಲೆ ಕೂತು ಮಾಡುವ ಕೆಲಸ ಮಾಡುತ್ತೇನೆ ಎಂದರು. ಇಪ್ಪತ್ತೆರಡು ವರ್ಷ ಬಹ್ರೇನಿನ ಟ್ರೇಲರುಗಳನ್ನು ಸಖೀರಿಗೆ ಕಳಿಸಿಕೊಟ್ಟ ಮನುಷ್ಯ ಒಮ್ಮೆಯೂ ಅಲ್ಲಿ ಅತಿಥಿಯಾಗಿ ಕೂತಿರಲಿಲ್ಲವೆಂದು ಮಾತಿನ ನಡುವೆ ತಿಳಿಯಿತು. “ಹಂಗ ಹೋಗಾಕ ಬಿಡೂದಿಲ್ರಿ,” ಎಂದೆ. ಅವರ ಕೊನೆಯ ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿಸಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ ಅವರನ್ನು ಟುಬ್ಲಿಯಿಂದ ಸಖೀರಿಗೆ ಕರೆದೊಯ್ದೆವು.

ಮಡಚುವ ಕುರ್ಚಿಯಲ್ಲಿ ಕೂರಿಸಿದರೆ ಐದು ನಿಮಿಷ ಕೂರಲಿಲ್ಲ. ಎದ್ದು ಟ್ರೇಲರಿಗೆ ಒಂದು ಸುತ್ತು ಬಂದು, ಎಲ್ಲ ಮುಟ್ಟಿ ನೋಡಿ ಬಂದರು. ನಾನು ಕಟಕ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದೆ. “ರುಚಿ ಭಾರಿ ಉಂಟು. ಆದ್ರೆ ಹಲ್ಲಿಗೆ ಇಷ್ಟು ಕೆಲಸ ಕೊಡುವ ಊಟ ನಾನು ನೋಡ್ಲಿಲ್ಲ ಮಾರಾಯ್ತಿ,” ಎಂದು ಎರಡು ರೊಟ್ಟಿ ಮುಗಿಸಿದರು. ಊಟವಾದ ಮೇಲೆ ಗಿರೀಶ ಮತ್ತು ಅದಿತಿ ಗಾಳಿಪಟ ಹಿಡಿದು ದೂರದ ದಿಬ್ಬ ಹತ್ತಿದರು. ನಾನು ಚಹಾ ಕೊಟ್ಟು, ಬಹಳ ದಿನದಿಂದ ಕೇಳಬೇಕೆಂದಿದ್ದ ಪ್ರಶ್ನೆ ಕೇಳಿದೆ. “ಆವತ್ತ ವೀಸಾ ಹೋದ್ರೂ ಚಿಂತಿಲ್ಲ ಅಂದ್ರಲ್ಲ ಹಮ್ಮಬ್ಬಾಕಾ, ಅಷ್ಟು ಧೈರ್ಯ ಎಲ್ಲಿಂದ ಬಂತ್ರೀ?”

“ಧೈರ್ಯ ಅಲ್ಲ,” ಎಂದರು. ಚಹಾದ ಲೋಟವನ್ನು ಮರಳಿನ ಮೇಲೆ ಇಟ್ಟರು. “ಒಮ್ಮೆ ಹಾಕಬಾರದ ಸಹಿ ಹಾಕಿದ್ದೇನೆ.”

ಹನ್ನೊಂದು ವರ್ಷದ ಹಿಂದಿನ ಮಾತು. ಆಗ ಅವರು ಸಲ್ಮಾಬಾದಿನ ಬೇರೊಂದು ಗ್ಯಾರೇಜಿನಲ್ಲಿದ್ದರು. ಅವರೊಡನೆ ಕೆಲಸಕ್ಕಿದ್ದವನು ಶರೀಫ್. ಒಂದೇ ಊರು, ಒಂದೇ ವಿಮಾನದಲ್ಲಿ ಬಂದವರು, ಒಂದೇ ಕೋಣೆಯಲ್ಲಿ ಇದ್ದವರು. ಒಬ್ಬ ಗಿರಾಕಿಯ ಟ್ರೇಲರಿನ ಸ್ವಿಚ್ಚು ಸವೆದು, ಓಡುವಾಗಲೇ ಪಿನ್ನು ಉದುರಿ ಬೀಳುತ್ತಿತ್ತು. ಹೊಸ ಸ್ವಿಚ್ಚು ಸ್ಟಾಕಿನಲ್ಲಿರಲಿಲ್ಲ. ಗಿರಾಕಿಗೆ ಸಂಜೆಯೊಳಗೆ ಸಖೀರು ಸೇರಬೇಕು.

“ನಾನು ಎಂತ ಮಾಡಿದೆ ಗೊತ್ತುಂಟಾ? ಪಿನ್ನು ಬೀಳಬಾರದು ಅಂತ ಒಂದು ತಂತಿ ತಕ್ಕೊಂಡು ಡಬ್ಬಿಗೆ ಎರಡು ಸುತ್ತು ಕಟ್ಟಿಬಿಟ್ಟೆ. ಎರಡು ನಿಮಿಷದ ಕೆಲಸ. ಇನ್ನು ಆನೆ ಎಳೆದ್ರೂ ಪಿನ್ನು ಬರುದಿಲ್ಲ. ಓಕೆ ಅಂತ ಬರೆದು ಸಹಿ ಹಾಕಿದೆ.”

ಗ್ಯಾರೇಜಿನಿಂದ ರಸ್ತೆಗೆ ಏರುವಲ್ಲಿ ಚಿಕ್ಕದೊಂದು ಏರು. ಗಿರಾಕಿ ಕೊಂಡಿಯನ್ನು ಸರಿಯಾಗಿ ಕೂರಿಸಿರಲಿಲ್ಲ, ಕೊಂಡಿ ತಪ್ಪಿದರೂ ಹಿಡಿದಿಡುವ ಸರಪಳಿ ಹಾಕಲು ಮರೆತಿದ್ದ. ಏರಿನಲ್ಲಿ ಕೊಂಡಿ ತಪ್ಪಿತು. ತೆಳು ಕೇಬಲ್ಲು ತುಂಡಾಯಿತೇ ಹೊರತು ಪಿನ್ನು ಬರಲಿಲ್ಲ. ಟ್ರೇಲರು ಹಿಂದಕ್ಕೆ ಉರುಳಿತು. ಕೆಳಗೆ ಶರೀಫ್ ಕುಕ್ಕರಗಾಲಿನಲ್ಲಿ ಕೂತು ಇನ್ನೊಂದು ಗಾಡಿಯ ಟೈರು ಕಳಚುತ್ತಿದ್ದ.

“ಅವನ ಬಲಗಾಲು ಪಾದದ ಮೇಲಿಂದ ಹೋಯ್ತು. ನಾನೇ ಎತ್ತಿಕೊಂಡು ಓಡಿದ್ದು, ನಾನೇ ಆಸ್ಪತ್ರೆಯಲ್ಲಿ ಕೂತದ್ದು. ಎಲ್ಲರೂ ಹೇಳಿದ್ರು, ಗಿರಾಕಿ ಸರಪಳಿ ಹಾಕ್ಲಿಲ್ಲ, ಅವನದ್ದೇ ತಪ್ಪು ಅಂತ. ಅದು ಹೌದು. ಆದ್ರೆ ಪಿನ್ನು ಬಂದಿದ್ರೆ ಗಾಡಿ ಎರಡು ಅಡಿಯಲ್ಲಿ ನಿಲ್ತಿತ್ತು.” ಮರಳಿನ ಮೇಲಿನ ಲೋಟವನ್ನು ಒಂದು ಸುತ್ತು ತಿರುಗಿಸಿದರು. “ಆಸ್ಪತ್ರೆಯಿಂದ ವಾಪಸ್ ಬಂದು, ಯಾರೂ ನೋಡುವ ಮೊದಲು, ಆ ತಂತಿ ಕತ್ತರಿಸಿ ಜೇಬಿಗೆ ಹಾಕ್ಕೊಂಡೆ. ಅದು ನಾನು ಮಾಡಿದ್ದರಲ್ಲಿ ದೊಡ್ಡದು. ಕಟ್ಟಿದ್ದು ಅವಸರದಲ್ಲಿ. ಕತ್ತರಿಸಿದ್ದು ಅವಸರದಲ್ಲಿ ಅಲ್ಲ.”

ಶರೀಫ್ ಊರಿಗೆ ಹೋಗಿ ಸಣ್ಣ ಅಂಗಡಿ ಇಟ್ಟ. ಪ್ರತಿ ವಾರ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಹಮ್ಮಬ್ಬ ಎತ್ತಿಕೊಂಡು ಓಡದಿದ್ದರೆ ತನ್ನ ಜೀವವೇ ಉಳಿಯುತ್ತಿರಲಿಲ್ಲವೆಂದು ಅವನು ಮದುವೆ ಮನೆಯಲ್ಲಿ, ಮಸೀದಿಯ ಜಗಲಿಯಲ್ಲಿ, ಎಲ್ಲರಿಗೂ ಹೇಳುತ್ತಿದ್ದನಂತೆ. ಈಗ ಮಂಗಳೂರಿನ ವಿಮಾನ ನಿಲ್ದಾಣಕ್ಕೆ ತಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಕಾರು ಗೊತ್ತು ಮಾಡಿದ್ದ.

“ಅವನು ಊರುಗೋಲು ಹಿಡ್ಕೊಂಡು ಅಲ್ಲಿ ನಿಂತಿರ್ತಾನೆ. ನಾನು ಎಂತ ಮುಖ ತಕ್ಕೊಂಡು ಹೊರಗೆ ಬರ್ಲಿ? ಹೋಗುವ ಮೊದಲು ಹೇಳ್ಬೇಕು.”

ಆಗ ನಾನು ಕೊಟ್ಟ ಸಲಹೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. “ಹನ್ನೊಂದ ವರ್ಷ ಆತಲ್ರೀ,” ಎಂದೆ. “ಅವರು ಸಮಾಧಾನದಾಗ ಇದ್ದಾರ. ಈಗ ಹೇಳಿ ಅವರ ಮನಸ್ಸು ಯಾಕ ಮುರೀತೀರಿ? ಹೋದ ಕಾಲಂತೂ ಬರೂದಿಲ್ಲ. ಬಿಟ್ಟುಬಿಡ್ರಿ.”

ಹಮ್ಮಬ್ಬಾಕ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. “ನೀವೂ ಸಹಿ ಹಾಕ್ಲಿಕ್ಕೆ ಹೇಳ್ತಾ ಇದ್ದೀರಿ ತಂಗೀ,” ಎಂದರು.

ಅವರು ಎದ್ದು, ಅಂಗಿಗೆ ಅಂಟಿದ ಮರಳು ಕೊಡವಿಕೊಂಡು, ಮೂವತ್ತು ಹೆಜ್ಜೆ ದೂರ ಹೋದರು. ಫೋನು ತೆಗೆದರು. ಬ್ಯಾರಿ ಭಾಷೆ ನನಗೆ ತಿಳಿಯುವುದಿಲ್ಲ. ಗಾಳಿಯ ಜೊತೆ ‘ಶರೀಫಾ’ ಎಂಬ ಹೆಸರು ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ನನಗೆ ಕಾಣುತ್ತಿದ್ದುದು ಬಿಳಿ ಅಂಗಿಯ ಬೆನ್ನು, ಎಡಗಿವಿಗೆ ಒತ್ತಿ ಹಿಡಿದ ಕೈ. ಮೊದಲು ಅವರ ಇನ್ನೊಂದು ಕೈ ಗಾಳಿಯಲ್ಲಿ ಏನನ್ನೋ ಸುತ್ತಿ ತೋರಿಸಿತು. ಆಮೇಲೆ ಕತ್ತರಿಸಿ ತೋರಿಸಿತು. ಆಮೇಲೆ ಅದು ಕೆಳಗೆ ಇಳಿಯಿತು.

ಮರಳಿ ಬಂದಾಗ ಕೇಳಿದೆ, “ಏನಂದ್ರು?”

“ಎಂತದೂ ಹೇಳ್ಲಿಲ್ಲ. ಪೂರ್ತಿ ಕೇಳಿದ. ಫೋನ್ ಇಟ್ಟ.” ತಣ್ಣಗಾದ ಚಹಾವನ್ನು ಒಂದೇ ಸಲಕ್ಕೆ ಕುಡಿದರು. ಅವರ ಕಣ್ಣು ಒದ್ದೆಯಾಗಿತ್ತು, ಆದರೆ ಬೆನ್ನು ನೆಟ್ಟಗಿತ್ತು. “ನಡೀರಿ, ನಿಮ್ಮ ಮಗಳು ಗಾಳಿಪಟ ತಪ್ಪು ಬಿಡ್ತಾ ಇದ್ದಾಳೆ. ನೋಡಿ, ಹಗ್ಗ ಎಷ್ಟು ಎಳೀತಾ ಇದ್ದಾಳೆ.”

ಸೋಮವಾರ ಬೆಳಗ್ಗೆ ನಾನೇ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟೆ. ಸಾಮಾನು ಎರಡೇ, ಅದರಲ್ಲಿ ಒಂದು ಪೂರ್ತಿ ಹತಾರ. ತೂಕದ ಮೇಜಿನಲ್ಲಿ ಅಧಿಕಾರಿಯ ಜೊತೆ ಹಿಂದಿ, ಅರಬಿ, ಬಲಗಿವಿ ಮೂರನ್ನೂ ಬಳಸಿ ಗೆದ್ದರು. ಒಳಗೆ ಹೋಗುವ ಮೊದಲು ನನ್ನ ತಲೆಯ ಮೇಲೆ ಕೈಯಿಟ್ಟು, ಟ್ರೇಲರನ್ನು ಹಿಂದಕ್ಕೆ ತೆಗೆಯುವಾಗ ಅವಸರ ಮಾಡಬಾರದೆಂದು ಇನ್ನೊಮ್ಮೆ ಹೇಳಿದರು. ಆಮೇಲೆ ನಾನು ಅವರನ್ನು ಇನ್ನೂ ಕಂಡಿಲ್ಲ.

ಮಂಗಳೂರಿನಲ್ಲಿ ಶರೀಫ್ ಬಂದಿರಲಿಲ್ಲ. ಒಂದು ವಾರ, ಒಂದು ತಿಂಗಳು, ಎರಡು ತಿಂಗಳು ಬರಲಿಲ್ಲ. ಹಮ್ಮಬ್ಬಾಕನ ಮನೆಯೆದುರಿನ ರಸ್ತೆಯ ಆಚೆಗೇ ಅವನ ಅಂಗಡಿ. ಹಮ್ಮಬ್ಬಾಕ ಎರಡು ಸಲ ಹೋಗಿ ನಿಂತು, ಅವನು ತಲೆಯೆತ್ತದೆ ಇದ್ದಾಗ ಸಲಾಂ ಹೇಳಿ ಹಿಂದಿರುಗಿದ್ದರು. ಇದನ್ನೆಲ್ಲ ಅವರು ನನಗೆ ವಾಯ್ಸ್ ಮೆಸೇಜಿನಲ್ಲಿ ಹೇಳುತ್ತಿದ್ದರು, ಹವಾಮಾನ ಹೇಳುವಂತೆ. ಹೇಳಿದ್ದು ತಪ್ಪಾಯಿತು ಎಂದು ಒಮ್ಮೆಯೂ ಅನ್ನಲಿಲ್ಲ. ಅವರ ಹೊಸ ವರ್ಕ್‌ಶಾಪಿಗೆ ಆಟೋಗಳೂ ಟ್ರ್ಯಾಕ್ಟರ್ ಟ್ರೇಲರು‌ಗಳೂ ಬರತೊಡಗಿದ್ದವು. ಇತ್ತ ಟುಬ್ಲಿಯಲ್ಲಿ ಅವರ ಜಾಗಕ್ಕೆ ಬಂದವನು ಒಳ್ಳೆಯ ಕೆಲಸಗಾರ. ಆದರೆ ನಮ್ಮ ಟ್ರೇಲರಿನ ವೈರು ನಾನೇ ನೋಡಿಕೊಳ್ಳುತ್ತೇನೆ.

ಮೊನ್ನೆ ಬಂದ ಮೆಸೇಜು ನಾಲ್ಕು ನಿಮಿಷದ್ದು. ಮೊದಲ ಮೂರು ನಿಮಿಷ ಮಳೆಯ ಬಗ್ಗೆ, ಮೀನಿನ ಬಗ್ಗೆ, ಅದಿತಿಯ ಪರೀಕ್ಷೆಯ ಬಗ್ಗೆ. ಆಮೇಲೆ ಅವರ ದನಿ ಸ್ವಲ್ಪ ಮೆಲ್ಲಗಾಯಿತು.

“ಇವತ್ತು ಶರೀಫ್ ಬಂದಿದ್ದ. ಅವನ ಸ್ಕೂಟರಿಗೆ ಹಿಂದೆ ಎರಡು ಚಕ್ರ ಜಾಸ್ತಿ ಹಾಕಿದ್ದು ಉಂಟಲ್ಲ, ಅದರಲ್ಲಿ. ಇಳಿದ. ಬ್ರೇಕು ಸರಿ ಹಿಡಿಯುದಿಲ್ಲ, ನೋಡು ಅಂದ. ಅಷ್ಟೇ. ಬೇರೆ ಒಂದು ಮಾತು ಇಲ್ಲ. ಊರಲ್ಲಿ ಬೇರೆ ಎಷ್ಟು ಗ್ಯಾರೇಜು ಉಂಟು ತಂಗೀ! ನಾನು ಒಂದು ಗಂಟೆ ಮಾಡಿದೆ. ಹತ್ತು ನಿಮಿಷದ ಕೆಲಸ ಅದು. ಅವನು ಬೆಂಚಿನಲ್ಲಿ ಕೂತು ನೋಡ್ತಾ ಇದ್ದ. ಚಾ ತರಿಸಿದೆ, ಕುಡಿದ. ಮತ್ತೆ ಸ್ಕೂಟರ್ ಹತ್ತಿ ಕೂತ.”

ಇಲ್ಲಿ, ದೂರದಲ್ಲಿ ಬಸ್ಸೊಂದು ಹಾರನ್ ಹಾಕಿದ್ದು ಕೇಳಿಸುತ್ತದೆ.

“ನಮ್ಮಲ್ಲಿ ಸಿಟ್ಟಿದ್ದವರು ಎದ್ದು ಹೋಗುವಾಗ ‘ಹೋಗ್ತೇನೆ’ ಅಂತ ಹೇಳುದು. ನನಗೆ ಅದೇ ಹೆದರಿಕೆ ಇತ್ತು. ಅವನು ಗಾಡಿ ಸ್ಟಾರ್ಟ್ ಮಾಡಿದ, ನನ್ನ ಮುಖ ನೋಡ್ಲಿಲ್ಲ, ರಸ್ತೆ ನೋಡ್ತಾನೇ ಹೇಳಿದ. ‘ಬರ್ತೇನೆ’ ಅಂದ.”